ಟ್ರ್ಯಾಕ್ಟರ್ ನೋಟಿನ ಲಕ್ಷ, ಚಂದ್ರವಳ್ಳಿಯ ಸೀಸ

ಟ್ರ್ಯಾಕ್ಟರ್ ಚಿತ್ರವಿರುವ ಹಳೆಯ 5 ರೂಪಾಯಿ ನೋಟು ನಿಮ್ಮಲ್ಲಿದ್ದರೆ ನೀವು ಲಕ್ಷಾಧಿಪತಿ ಎನ್ನುವ ವಿಡಿಯೊ ಚಿತ್ರದುರ್ಗ ಜಿಲ್ಲೆಯಲ್ಲಿ ಸ್ಮಾರ್ಟ್‌ಫೋನ್ ಇರುವ ಯಾರನ್ನೂ ಬಿಟ್ಟಿರಲಿಕ್ಕಿಲ್ಲ. ನೋಟಿನ ನಂಬರಿನಲ್ಲಿ 786 ಇದ್ದರೆ ಬೆಲೆ ಇನ್ನೂ ಮೇಲೆ. ವೈಷ್ಣೋದೇವಿಯ ಚಿತ್ರದ ನಾಣ್ಯವಾದರೆ ಹತ್ತು ಲಕ್ಷವಂತೆ. ಅದೇ ಟ್ರ್ಯಾಕ್ಟರ್ ನೋಟನ್ನು ಹೊಳಲ್ಕೆರೆಯ ಕಿರಾಣಿ ಅಂಗಡಿಗೆ ಒಯ್ದರೆ ಐದು ರೂಪಾಯಿಯ ಸಾಮಾನು ಬರುತ್ತದೆ. ನೋಟು ಹರಿದಿದ್ದರೆ ಅದೂ ಅನುಮಾನ.

ವಿಡಿಯೊ ನೋಡಿ ಫೋನು ಮಾಡಿದವರ ಕಥೆ ಹೆಚ್ಚುಕಡಿಮೆ ಒಂದೇ. ನೋಟಿನ ಫೋಟೊ ಕಳಿಸಿ ಎನ್ನುತ್ತಾರೆ. ಕಳಿಸಿದ ಕೂಡಲೇ ‘ಪಾಸಾಯಿತು’ ಎಂಬ ಉತ್ತರ. ಮೊದಲು ನೋಂದಣಿ ಶುಲ್ಕ, ಆಮೇಲೆ ಜಿಎಸ್‌ಟಿ, ಆಮೇಲೆ ರಿಸರ್ವ್ ಬ್ಯಾಂಕಿನ ಮೊಹರು ಒತ್ತಿದ ಕಾಗದವೊಂದರ ಖರ್ಚು. ಲಕ್ಷ ಬರುವ ದಾರಿಯಲ್ಲಿ ಸಾವಿರಗಳು ಹೋಗುತ್ತಲೇ ಇರುತ್ತವೆ. 2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿ, ಹಳೆಯ ನೋಟು–ನಾಣ್ಯಗಳ ಮಾರಾಟಕ್ಕೆ ತಾನು ಕೈಹಾಕುವುದಿಲ್ಲ, ಅದಕ್ಕಾಗಿ ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವುದಿಲ್ಲ, ತನ್ನ ಪರವಾಗಿ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಹೇಳಬೇಕಾಯಿತು. ಆ ಪ್ರಕಟಣೆಗಿಂತ ವಿಡಿಯೊಗಳ ಓಟ ಜೋರಾಗಿತ್ತು.

ಹಾಗೆಂದು ಹಳೆಯ ವಸ್ತುವಿಗೆ ಬೆಲೆಯೇ ಇಲ್ಲವೆಂದಲ್ಲ. ಕಾಗದದ ಚೂರಿಗೆ ಕೋಟಿ ಕೊಟ್ಟ ಉದಾಹರಣೆಗಳು ಜಗತ್ತಿನಲ್ಲಿವೆ. ಮೋಸ ಮಾಡುವವರು ಆ ನಿಜದ ತುಣುಕನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ಅದಕ್ಕೇ ಈ ಬೆಲೆ ಹುಟ್ಟುವುದು ಹೇಗೆ, ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮಕ್ಕಳಿಂದಲೇ ಶುರು ಮಾಡೋಣ. ಹಿರಿಯೂರಿನ, ಹೊಸದುರ್ಗದ ಸ್ಟೇಷನರಿ ಅಂಗಡಿಗಳಲ್ಲಿ ಚಿನ್ನದ ಬಣ್ಣದ, ಫಳಫಳ ಹೊಳೆಯುವ ಪೋಕೆಮಾನ್ ಕಾರ್ಡುಗಳ ಕಟ್ಟು ಸಿಗುತ್ತದೆ. ಈಗ ಅಪ್ಪಂದಿರಾಗಿರುವವರು ಚಿಕ್ಕಂದಿನಲ್ಲಿ ಕುಸ್ತಿಪಟುಗಳ ಟ್ರಂಪ್ ಕಾರ್ಡು, ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರ ಕೂಡಿಟ್ಟವರು. ಅವರಪ್ಪಂದಿರು ಬೆಂಕಿಪೊಟ್ಟಣದ ಚಿತ್ರ ಕೂಡಿಟ್ಟವರು. ಮಗನ ಡಬ್ಬಿಯಲ್ಲಿರುವ ಚಿನ್ನದ ಪಿಕಾಚು ಕಂಪನಿಯ ಕಾರ್ಡಲ್ಲ, ನಕಲಿ ಪ್ಲಾಸ್ಟಿಕ್ಕು. ಅಸಲಿ ಕಾರ್ಡು ಸಾಮಾನ್ಯವಾಗಿ ಅಷ್ಟು ಹೊಳೆಯುವುದಿಲ್ಲ. ಅದರಿಂದ ಮಗುವಿನ ಆಟಕ್ಕೆ ನಷ್ಟವಿಲ್ಲ. ‘ಇದಕ್ಕೆ ಅಮೆರಿಕದಲ್ಲಿ ಕೋಟಿ ಬೆಲೆಯಂತೆ’ ಎಂದು ಅಪ್ಪ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಮಾತ್ರ ಆಟ ಕೆಡುತ್ತದೆ.

ಕೋಟಿಯ ಮಾತು ಸುಳ್ಳಲ್ಲ. ಪೋಕೆಮಾನ್ ಕಾರ್ಡು ಜಪಾನಿನಲ್ಲಿ 1996ರಲ್ಲಿ ಬಂತು. 1997–98ರಲ್ಲಿ ಅಲ್ಲಿನ ಕೊರೊಕೊರೊ ಎಂಬ ಮಕ್ಕಳ ಪತ್ರಿಕೆ ನಡೆಸಿದ ಚಿತ್ರ ಬಿಡಿಸುವ ಸ್ಪರ್ಧೆಗಳಲ್ಲಿ ಗೆದ್ದವರಿಗೆ ಪಿಕಾಚು ಚಿತ್ರದ ವಿಶೇಷ ಕಾರ್ಡು ಕೊಟ್ಟರು. ಹಾಗೆ ಹಂಚಿದ್ದು 39. ಅವುಗಳಲ್ಲೊಂದನ್ನು ಅಮೆರಿಕದ ಯೂಟ್ಯೂಬರ್ ಲೋಗನ್ ಪಾಲ್ 2021ರಲ್ಲಿ 52.75 ಲಕ್ಷ ಡಾಲರ್ ಲೆಕ್ಕದಲ್ಲಿ ಕೊಂಡ. ಅದೇ ಕಾರ್ಡಿನ ಬೇರೆ ಪ್ರತಿಗಳಿಗೆ ಇಷ್ಟು ಬೆಲೆ ಬಂದಿರಲಿಲ್ಲ. ಅವನದಕ್ಕೆ ‘ಹತ್ತಕ್ಕೆ ಹತ್ತು’ ಎಂಬ ಚೀಟಿ ಅಂಟಿತ್ತು. ಆ ಅಂಕ ಕೊಡುವ ಕೆಲಸಕ್ಕೆ ಗ್ರೇಡಿಂಗ್ ಎನ್ನುತ್ತಾರೆ. ಪಿಎಸ್‌ಎ ಎಂಬ ಅಮೆರಿಕದ ಕಂಪನಿ 1991ರಿಂದ ಇದನ್ನು ಮಾಡುತ್ತಿದೆ. ಚಿತ್ರ ನಟ್ಟನಡುವೆ ಬಂದಿದೆಯೇ, ಮೂಲೆ ಮೊಂಡಾಗಿದೆಯೇ, ಅಂಚು ಬಿಳಿಚಿಕೊಂಡಿದೆಯೇ, ಮೈಮೇಲೆ ಗೀರು ಬಿದ್ದಿದೆಯೇ ಎಂದು ನೋಡಿ ಒಂದರಿಂದ ಹತ್ತರವರೆಗೆ ಅಂಕ ಹಾಕಿ, ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ ಮುಚ್ಚಿ ಕೊಡುತ್ತಾರೆ. ಒಂಬತ್ತಕ್ಕೂ ಹತ್ತಕ್ಕೂ ಇರುವ ವ್ಯತ್ಯಾಸ ನಮ್ಮ ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಬೆಲೆಯಲ್ಲಿ ಮಾತ್ರ ಅದು ಹಲವು ಪಟ್ಟು.

ಗ್ರೇಡು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಭೀಮಸಮುದ್ರದ ಮಂಡಿಯಲ್ಲಿ ಅಡಿಕೆ ಚೀಲ ಬಿಚ್ಚಿದರೆ ರಾಶಿಯೋ ಬೆಟ್ಟೆಯೋ ಅಪಿಯೋ ಕೆಂಪುಗೋಟೋ ಎಂಬುದರ ಮೇಲೆ ರೇಟು ನಿಲ್ಲುತ್ತದೆ. ಒಂದೇ ತೋಟ, ಒಂದೇ ಮರ. ಕೊಯ್ದ ಹೊತ್ತು, ಬೇಯಿಸಿದ ಹದ, ಸುಲಿದ ಕೈ, ಬಣ್ಣ ಇಷ್ಟು ಸೇರಿ ಕ್ವಿಂಟಲ್ಲಿಗೆ ಸಾವಿರಾರು ರೂಪಾಯಿ ಅತ್ತಿತ್ತ ಆಗುತ್ತದೆ. ಆದರೆ ಅಡಿಕೆ ಕೊನೆಗೆ ಯಾರದೋ ಬಾಯಿಗೆ ಹೋಗುತ್ತದೆ, ಮುಗಿಯುತ್ತದೆ; ನಾಳೆ ಮತ್ತೆ ಬೇಕು. ಕಾರ್ಡನ್ನು ಯಾರೂ ಜಗಿಯುವುದಿಲ್ಲ. ನಾನು ಕೊಟ್ಟದ್ದಕ್ಕಿಂತ ಹೆಚ್ಚು ಕೊಡುವವನು ಮುಂದೆ ಸಿಗುತ್ತಾನೆ ಎಂಬ ನಂಬಿಕೆಯೊಂದರ ಮೇಲೆ ಆ ಬೆಲೆ ನಿಂತಿದೆ. ಕೊಳ್ಳುವವನು ಬರದ ದಿನ ಹತ್ತಕ್ಕೆ ಹತ್ತು ಬಿದ್ದ ಕಾರ್ಡೂ ಬರೀ ಕಾಗದ.

ಅಂಕ ಹಾಕುವವರ ಕಣ್ಣೂ ತಪ್ಪುತ್ತದೆ. ಅಮೆರಿಕದಲ್ಲಿ 1909ರಿಂದ 1911ರವರೆಗೆ ಸಿಗರೇಟು ಪ್ಯಾಕಿನಲ್ಲಿ ಬರುತ್ತಿದ್ದ ಕಾರ್ಡುಗಳಲ್ಲಿ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರನದು ಈ ಹವ್ಯಾಸದಲ್ಲಿ ದೊಡ್ಡ ಹೆಸರು. ಅದರ ಒಂದು ಪ್ರತಿಯನ್ನು ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಪಾಲುದಾರನೊಬ್ಬನ ಜೊತೆ ಸೇರಿ 1991ರಲ್ಲಿ 4.51 ಲಕ್ಷ ಡಾಲರಿಗೆ ಕೊಂಡ. ಪಿಎಸ್‌ಎ ಮೊತ್ತಮೊದಲು ಅಂಕ ಹಾಕಿದ್ದು ಇದೇ ಕಾರ್ಡಿಗೆ, ಕೊಟ್ಟದ್ದು ಎಂಟು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. 2013ರಲ್ಲಿ ಬಿಲ್ ಮಾಸ್ಟ್ರೊ ಎಂಬ ದೊಡ್ಡ ವ್ಯಾಪಾರಿ ತಾನೇ ಆ ಕಾರ್ಡಿನ ಅಂಚನ್ನು ಕತ್ತರಿಸಿ ಚೂಪು ಮಾಡಿದ್ದೆ ಎಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಕತ್ತರಿಸಿದ ಕಾರ್ಡಿಗೆ ಅಂಕವನ್ನೇ ಕೊಡಬಾರದೆಂಬುದು ಈ ವ್ಯವಹಾರದ ಮೂಲ ನಿಯಮ. ಮೊದಲ ಪರೀಕ್ಷೆಯಲ್ಲೇ ಪರೀಕ್ಷಕ ಮುಗ್ಗರಿಸಿದ್ದ.

ಈಗ ನಮ್ಮ ಮನೆಗಳಿಗೆ ಬರೋಣ. ಇಲ್ಲಿ ಕಾರ್ಡಿಲ್ಲ, ಬೆಳ್ಳಿ ರೂಪಾಯಿ ಇದೆ. ಅಜ್ಜಿಯ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯದೋ, ಏಳನೇ ಎಡ್ವರ್ಡನದೋ, ಐದನೇ ಜಾರ್ಜನದೋ ನಾಲ್ಕೈದು ನಾಣ್ಯ ಇಲ್ಲದ ಹಳೆಯ ಮನೆ ಕಡಿಮೆ. ತೂಕ 11.66 ಗ್ರಾಂ, ಅದರಲ್ಲಿ ನೂರಕ್ಕೆ ತೊಂಬತ್ತೊಂದೂವರೆಗಿಂತ ಹೆಚ್ಚು ಬೆಳ್ಳಿ. 1940ರಲ್ಲಿ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು. ವರಮಹಾಲಕ್ಷ್ಮಿ ಹಬ್ಬಕ್ಕೆ, ದೀಪಾವಳಿಯ ಲಕ್ಷ್ಮೀಪೂಜೆಗೆ ಇವು ಹೊರಗೆ ಬರುತ್ತವೆ. ಬಂದ ಕೂಡಲೇ ಹುಣಸೆಹಣ್ಣು, ಇಲ್ಲವೇ ಪಾತ್ರೆ ತಿಕ್ಕುವ ಪುಡಿ ಹಾಕಿ ಫಳಫಳ ಎನ್ನಿಸುತ್ತೇವೆ. ಪೂಜೆಗೆ ಅದು ಸರಿ. ಸಂಗ್ರಹಕಾರನ ಲೆಕ್ಕದಲ್ಲಿ ಅಲ್ಲಿಗೆ ಆ ನಾಣ್ಯದ ಕಥೆ ಮುಗಿಯಿತು. ನೂರು ವರ್ಷದಲ್ಲಿ ತಾನಾಗಿ ಕೂತ ಕಪ್ಪು ಛಾಯೆ ಅವನಿಗೆ ಬೇಕು; ತಿಕ್ಕಿದ ನಾಣ್ಯದ ಮೇಲೆ ಭೂತಗನ್ನಡಿಯಲ್ಲಿ ಕೂದಲೆಳೆಯ ಗೀರುಗಳು ಕಾಣುತ್ತವೆ. ಗ್ರೇಡಿಂಗ್ ಕಂಪನಿಗಳು ಇಂಥದಕ್ಕೆ ಅಂಕವನ್ನೇ ಕೊಡದೆ ‘ತೊಳೆದದ್ದು’ ಎಂದು ಬರೆದು ಕಳಿಸುತ್ತವೆ. ಕಾಸಿನ ಸರಕ್ಕೆಂದು ಕೊಂಡಿ ಬೆಸೆದ ರೂಪಾಯಿಯ ಗತಿಯೂ ಇದೇ. ಅದು ಬೆಳ್ಳಿಯ ತೂಕಕ್ಕೆ ಹೋಗಬೇಕಾದ ಮಾಲು. ಹಾಗೆಂದು ಹಬ್ಬದ ದಿನ ಕಪ್ಪಿಟ್ಟ ರೂಪಾಯಿಯನ್ನು ದೇವರ ಮುಂದಿಡಿ ಎಂದು ಯಾವ ತಾಯಿಗೂ ನಾನು ಹೇಳಲಾರೆ. ಆ ಮನೆಗೆ ಅದರ ಬೆಲೆ ಬೇರೆ.

ನಾಣ್ಯಕ್ಕೆ ಅಂಕ ಒಂದರಿಂದ ಎಪ್ಪತ್ತರವರೆಗೆ. ಎಪ್ಪತ್ತೇ ಏಕೆ? ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಅಲ್ಲಿನ ಹಳೆಯ ತಾಮ್ರದ ಸೆಂಟ್ ನಾಣ್ಯಗಳಿಗೆ ಈ ಪಟ್ಟಿ ಮಾಡಿದಾಗ, ಪೂರ್ತಿ ಸವೆದದ್ದಕ್ಕೆ ಒಂದು ಬೆಲೆಯಾದರೆ ಟಂಕಸಾಲೆಯಿಂದ ಈಗಷ್ಟೇ ಬಿದ್ದಂತಿರುವುದಕ್ಕೆ ಅದರ ಎಪ್ಪತ್ತು ಪಟ್ಟು ಎಂಬುದು ಅವನ ಲೆಕ್ಕವಾಗಿತ್ತು. ಬೆಲೆಯ ಆ ಗಣಿತ ಬೇಗನೇ ಮುರಿಯಿತು, ಎಪ್ಪತ್ತು ಉಳಿಯಿತು. ಬೆಲೆ ಬರೀ ಹಳೆತನದಿಂದ ಬರುವುದಿಲ್ಲ ಎಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. 1911ರಲ್ಲಿ ಐದನೇ ಜಾರ್ಜನ ರೂಪಾಯಿ ಬಂದಾಗ ರಾಜನ ನಿಲುವಂಗಿಯ ಮೇಲಿದ್ದ ಆನೆಯ ಚಿತ್ರ ಹಂದಿಯಂತಿದೆ ಎಂದು ಗುಲ್ಲೆದ್ದಿತು. ಸರ್ಕಾರ ಆ ನಾಣ್ಯವನ್ನು ಹಿಂದಕ್ಕೆ ಪಡೆದು ಬಹುಪಾಲು ಕರಗಿಸಿತು. ಅಂದು ಕೈ ತಪ್ಪಿಸಿಕೊಂಡು ಉಳಿದದ್ದು ಇಂದು ‘ಹಂದಿ ರೂಪಾಯಿ’ ಎಂಬ ಹೆಸರಿನಲ್ಲಿ ಬೇಡಿಕೆಯ ನಾಣ್ಯ. ಅದಕ್ಕಿಂತ ಹಳೆಯದಾದ 1862ರ ವಿಕ್ಟೋರಿಯಾ ರೂಪಾಯಿ ರಾಶಿಗಟ್ಟಲೆ ಇರುವುದರಿಂದ ಸಾಮಾನ್ಯ ಸ್ಥಿತಿಯಲ್ಲಿದ್ದರೆ ಅದಕ್ಕೆ ಅಂಥ ಗಿರಾಕಿಯಿಲ್ಲ. 1939ರ ಆರನೇ ಜಾರ್ಜನ ರೂಪಾಯಿ ವಿರಳ. ಅಷ್ಟೇ ಕಾರಣಕ್ಕೆ ಅದರ ನಕಲಿ ಧಾರಾಳ.

ಕಾರ್ಡಿನ ಲೋಕದಲ್ಲಿ ಇನ್ನೊಂದು ಕಾಟವಿದೆ: ಅಂಗಡಿಗೆ ಬಂದ ಮಾಲನ್ನೆಲ್ಲ ಬೆಳಗಾಗುವ ಮುಂಚೆ ಕ್ಯೂ ನಿಂತು ಬಾಚಿಕೊಂಡು, ಆಮೇಲೆ ದುಪ್ಪಟ್ಟಿಗೆ ಬ್ಲ್ಯಾಕ್‌ನಲ್ಲಿ ಮಾರುವುದು. ಕೊರೊನಾ ಕಾಲದಲ್ಲಿ ಇದು ಮಿತಿಮೀರಿತು. 2021ರ ಮೇ ತಿಂಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಟಾರ್ಗೆಟ್ ಮಳಿಗೆಯೊಂದರ ಹೊರಗೆ ಕಾರ್ಡಿಗಾಗಿ ಹೊಡೆದಾಟ ನಡೆದು ಒಬ್ಬ ಪಿಸ್ತೂಲು ತೆಗೆದ. ಕಂಪನಿ ತನ್ನ ಮಳಿಗೆಗಳಲ್ಲಿ ಕಾರ್ಡು ಮಾರುವುದನ್ನೇ ಕೆಲಕಾಲ ನಿಲ್ಲಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ಅಂಕ ಹಾಕಿಸಿಕೊಳ್ಳಲು ಬಂದ ಕಾರ್ಡಿನ ಗುಡ್ಡೆ ಕರಗಿಸಲಾರದೆ ಪಿಎಸ್‌ಎ ತನ್ನ ಬಹುತೇಕ ಸೇವೆಗಳಿಗೆ ಬಾಗಿಲು ಹಾಕಿತ್ತು.

ನಮ್ಮಲ್ಲಿ ಪಿಸ್ತೂಲಿಲ್ಲ, ಬ್ಲ್ಯಾಕ್ ಇದೆ. ಮದುವೆಯ ಮುಯ್ಯಿಗೆ ಹತ್ತರ, ಇಪ್ಪತ್ತರ ಹೊಸ ನೋಟಿನ ಕಟ್ಟು ಬೇಕೆಂದರೆ ಬ್ಯಾಂಕಿನ ಕೌಂಟರಿನಲ್ಲಿ ಇಲ್ಲ, ಹೊರಗೆ ಹೆಚ್ಚಿನ ದುಡ್ಡಿಗೆ ಇದೆ ಎಂಬುದು ಯಾರಿಗೆ ಗೊತ್ತಿಲ್ಲ? 1994ರಲ್ಲಿ ನಿಂತಿದ್ದ ಒಂದು ರೂಪಾಯಿ ನೋಟು 2015ರಲ್ಲಿ ಮತ್ತೆ ಬಂದಾಗ ಜನ ಅದನ್ನು ಕಂಡದ್ದು ಅಂಗಡಿಯ ಗಲ್ಲಾದಲ್ಲಲ್ಲ, ಮಾರಾಟಗಾರರ ಪಟ್ಟಿಯಲ್ಲಿ, ಮುಖಬೆಲೆಯ ಹಲವು ಪಟ್ಟು ಬೆಲೆಯೊಂದಿಗೆ. ಟಂಕಸಾಲೆಗಳು ಹೊರತರುವ ಸ್ಮರಣಾರ್ಥ ನಾಣ್ಯಗಳಲ್ಲೂ ಈ ಆಟ ನಡೆಯುತ್ತದೆ. ತಂಜಾವೂರಿನ ಬೃಹದೀಶ್ವರ ದೇಗುಲಕ್ಕೆ ಸಾವಿರ ವರ್ಷವಾದಾಗ 1000 ರೂಪಾಯಿಯ ನಾಣ್ಯ, ರವೀಂದ್ರನಾಥ ಟ್ಯಾಗೋರರ 150ನೇ ವರ್ಷಕ್ಕೆ 150 ರೂಪಾಯಿಯದು, 2023ರಲ್ಲಿ ಹೊಸ ಸಂಸತ್ ಭವನಕ್ಕೆ 75 ರೂಪಾಯಿಯದು. ಇವು ಬಸ್ಸಿನ ಟಿಕೆಟಿಗೆ ಕೊಡುವ ನಾಣ್ಯಗಳಲ್ಲ. ಮುಂಗಡ ಹಣ ಕಟ್ಟಿ ತರಿಸಿಕೊಳ್ಳಬೇಕು. 75 ರೂಪಾಯಿಯ ನಾಣ್ಯದ ತೂಕ 35 ಗ್ರಾಂ, ಅದರಲ್ಲಿ ಅರ್ಧ ಬೆಳ್ಳಿ. ಮೊದಲು ಬುಕ್ ಮಾಡಿದವನು ಕೈಗೆ ಬರುವ ಮುಂಚೆಯೇ ಹೆಚ್ಚಿನ ಬೆಲೆಗೆ ಮಾರುವುದುಂಟು. ಆ ಮೊದಲ ಹುರುಪಿನಲ್ಲಿ ಕೊಂಡವನೇ ಕಷ್ಟಕ್ಕೆ ಸಿಕ್ಕಿಕೊಳ್ಳುವುದು. ಸಂಗ್ರಹಕ್ಕೆಂದೇ ಮಾಡಿದ ವಸ್ತುವನ್ನು ಕೊಂಡವರೆಲ್ಲ ಜೋಪಾನವಾಗಿ ಇಟ್ಟಿರುತ್ತಾರೆ. ಎಲ್ಲರ ಹತ್ತಿರ ಚೆನ್ನಾಗಿರುವುದು ಇದ್ದಮೇಲೆ ಚೆನ್ನಾಗಿರುವುದಕ್ಕೆ ಬೆಲೆ ಎಲ್ಲಿಂದ? ಅಮೆರಿಕದಲ್ಲಿ 1980ರ ದಶಕದ ಕೊನೆಗೆ ಮಕ್ಕಳ ಕಾಲೇಜು ಫೀಸಿಗಾಯಿತು ಎಂದು ಬೇಸ್‌ಬಾಲ್ ಕಾರ್ಡಿನ ಪೆಟ್ಟಿಗೆಗಳನ್ನು ಅಟ್ಟದ ಮೇಲಿಟ್ಟವರು ಈಗಲೂ ಅವನ್ನು ಕೊಳ್ಳುವವರಿಗಾಗಿ ಹುಡುಕುತ್ತಿದ್ದಾರೆ. ಅಜ್ಜಿಯ ಕಾಲದ ನಾಣ್ಯದಲ್ಲಿ ಚೆನ್ನಾಗಿರುವುದು ವಿರಳವಾದದ್ದು ಏಕೆಂದರೆ ಆಗ ಅದನ್ನು ಯಾರೂ ಇಡಲಿಲ್ಲ, ಖರ್ಚು ಮಾಡಿದರು.

ಕೂಡಿಡುವುದಕ್ಕೂ ಕಾನೂನಿನ ಮಿತಿಯುಂಟು ಎಂಬುದೊಂದು ತಮಾಷೆಯ ಸಂಗತಿ. 2016ರಲ್ಲಿ ರದ್ದಾದ 500, 1000ದ ನೋಟುಗಳನ್ನು ನೆನಪಿಗೆಂದು ಇಟ್ಟುಕೊಂಡವರು 2017ರ ಕಾಯ್ದೆಯನ್ನು ನೋಡಬೇಕು: ಹತ್ತು ನೋಟಿನವರೆಗೆ ಸರಿ, ಅಧ್ಯಯನ, ಸಂಶೋಧನೆ, ನಾಣ್ಯ ಸಂಗ್ರಹಕ್ಕಾದರೆ ಇಪ್ಪತ್ತೈದು. ಅದಕ್ಕಿಂತ ಮೇಲಿದ್ದರೆ ದಂಡ, ಹತ್ತು ಸಾವಿರದವರೆಗೆ ಇಲ್ಲವೇ ಆ ನೋಟುಗಳ ಮುಖಬೆಲೆಯ ಐದು ಪಟ್ಟಿನವರೆಗೆ, ಯಾವುದು ಹೆಚ್ಚೋ ಅದು.

ಮಧ್ಯ ಕರ್ನಾಟಕದ ಪೊಲೀಸರಿಗೆ ಚಿರಪರಿಚಿತವಾದ ಇನ್ನೊಂದು ವ್ಯವಹಾರವನ್ನು ಇಲ್ಲಿ ಬಿಡುವಂತಿಲ್ಲ. ‘ಮನೆಯ ಪಾಯ ತೆಗೆಯುವಾಗ ಚಿನ್ನದ ನಾಣ್ಯ ಸಿಕ್ಕಿವೆ, ಊರಲ್ಲಿ ಗೊತ್ತಾದರೆ ಕಷ್ಟ, ಕಡಿಮೆಗೆ ಕೊಡುತ್ತೇವೆ’ ಎಂಬ ಫೋನು ದೂರದ ಊರಿನವರಿಗೆ ಹೋಗುತ್ತದೆ. ಬಂದವರ ಕೈಗೆ ಒಂದೆರಡು ನಾಣ್ಯ ಕೊಟ್ಟು, ಯಾವ ಅಕ್ಕಸಾಲಿಗನ ಹತ್ತಿರವಾದರೂ ಒರೆಗೆ ಹಚ್ಚಿಸಿ ನೋಡಿ ಎನ್ನುತ್ತಾರೆ. ಅವು ಅಸಲಿ ಚಿನ್ನವೇ. ನಂಬಿಕೆ ಕುದುರುತ್ತದೆ. ಹೆದ್ದಾರಿ ಪಕ್ಕದ ಯಾವುದೋ ನಿರ್ಜನ ಜಾಗದಲ್ಲಿ ಲಕ್ಷಗಟ್ಟಲೆ ಹಣ ಕೊಟ್ಟು ಗಂಟು ತೆಗೆದುಕೊಂಡು ಹೋದಮೇಲೆ ಗೊತ್ತಾಗುವುದು, ಗಂಟಿನೊಳಗಿನದು ಹಿತ್ತಾಳೆ ಎಂದು. ಪರೀಕ್ಷೆ ಸುಳ್ಳಾಗಿರಲಿಲ್ಲ. ಪರೀಕ್ಷೆ ಮಾಡಿದ ನಾಣ್ಯ ಒಂದು, ಕೊಂಡ ನಾಣ್ಯ ಇನ್ನೊಂದು. ಮೋಸ ಹೋದವನೂ ಕಾನೂನಿಗೆ ವಿರುದ್ಧವಾಗಿ ನಿಧಿ ಕೊಳ್ಳಲು ಬಂದವನಾದ್ದರಿಂದ ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾನೆ. ಈ ಮೋಸದ ಜಾಣತನವೆಲ್ಲ ಇರುವುದು ಅಲ್ಲಿ.

ಅಷ್ಟಕ್ಕೂ ‘ಪಾಯದಲ್ಲಿ ಸಿಕ್ಕಿತು’ ಎಂಬ ಮಾತನ್ನು ಜನ ನಂಬುವುದೇಕೆ? ಈ ನೆಲದಲ್ಲಿ ನಿಜವಾಗಿಯೂ ಸಿಗುವುದರಿಂದ. ಪಾಳೆಯಗಾರರ ಕಾಲದ ದುರ್ಗಿ ವರಹದ ಹೆಸರು ನಾಣ್ಯ ಬಲ್ಲವರ ಬಾಯಲ್ಲಿ ಈಗಲೂ ಇದೆ. ಅದಕ್ಕಿಂತ ಒಂದೂವರೆ ಸಾವಿರ ವರ್ಷ ಹಿಂದಿನದು ಚಂದ್ರವಳ್ಳಿಯ ಸೀಸ. ಚಿತ್ರದುರ್ಗ ಕೋಟೆಯ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡಗಳ ನಡುವಿನ ಆ ಕಣಿವೆಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ 1929ರಲ್ಲಿ ಉತ್ಖನನ ನಡೆಸಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳು ಬಂದವು. ಈ ಸೀಮೆಯ ಮಹಾರಥಿಗಳೆಂಬ ಸಾಮಂತರ ಸೀಸದ ನಾಣ್ಯ — ಒಂದು ಬದಿಗೆ ಡುಬ್ಬದ ಗೂಳಿ, ಇನ್ನೊಂದು ಬದಿಗೆ ಮರ, ಗುಡ್ಡದ ಗುರುತು — ಅದಕ್ಕೂ ಮುಂಚೆಯೇ, 1908ರಲ್ಲಿ ರಾಪ್ಸನ್ ಸಿದ್ಧಪಡಿಸಿದ ಬ್ರಿಟಿಷ್ ಮ್ಯೂಸಿಯಂ ಪಟ್ಟಿಯಲ್ಲಿ ಚಿತ್ರದುರ್ಗದ ಹೆಸರಿನೊಂದಿಗೆ ದಾಖಲಾಗಿತ್ತು. ರೋಮ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್‌ರ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯಗಳೂ ಚಂದ್ರವಳ್ಳಿಯಲ್ಲಿ ಸಿಕ್ಕಿವೆ. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಇಲ್ಲೂ ಅಗೆಸಿದ.

ಟೈಬೀರಿಯಸ್‌ನ ದಿನಾರಿಯಸ್ ಸಂಗ್ರಹಕಾರರ ಪೇಟೆಯಲ್ಲಿ ಅಂಥ ಅಪರೂಪದ ನಾಣ್ಯವಲ್ಲ. ಯುರೋಪಿನ ಹರಾಜುಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ದಕ್ಷಿಣ ಭಾರತದಲ್ಲೂ ಸಿಕ್ಕ ರೋಮನ್ ಬೆಳ್ಳಿಯಲ್ಲಿ ಹೆಚ್ಚಿನವು ಆಗಸ್ಟಸ್, ಟೈಬೀರಿಯಸ್ ಇಬ್ಬರವೇ; 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಅಂಥ ನಾಣ್ಯಗಳ ರಾಶಿಯೇ ಸಿಕ್ಕಿತ್ತು. ಚಂದ್ರವಳ್ಳಿಯ ದಿನಾರಿಯಸ್ ಮುಖ್ಯವಾದದ್ದು ಅದು ಯಾವ ಮಣ್ಣಿನ ಪದರದಲ್ಲಿ, ಯಾವ ಮಡಕೆ ಚೂರಿನ ಪಕ್ಕ, ಯಾವ ಸೀಸದ ಬಿಲ್ಲೆಯ ಜೊತೆ ಬಿದ್ದಿತ್ತು ಎಂಬುದು ಗೊತ್ತಿರುವುದರಿಂದ. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಹಾಗಾದರೆ ಅವನ ನಾಣ್ಯವಿರುವ ಪದರ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಜೊತೆಗಿದ್ದ ಮಡಕೆಗೂ ಕಾಲ ಸಿಕ್ಕಿತು. ಅಂಥದೇ ಮಡಕೆ ಸಿಕ್ಕ ಬ್ರಹ್ಮಗಿರಿಗೂ ಕಾಲ ಸಿಕ್ಕಿತು. ಅಲ್ಲಿಂದ ಎಳೆ ಹಿಡಿದು ವೀಲರ್ ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳ ಕಾಲವನ್ನೂ ಅಳೆಯಲು ಹೊರಟ. ಅವನ ಲೆಕ್ಕವನ್ನು ಮುಂದಿನವರು ತಿದ್ದಿದರು. ತಿದ್ದಲು ಸಾಧ್ಯವಾದದ್ದೂ ಯಾವುದು ಎಲ್ಲಿ ಸಿಕ್ಕಿತು ಎಂದು ಬರೆದಿಟ್ಟಿದ್ದರಿಂದಲೇ.

ಗ್ರೇಡಿಂಗ್ ಚೀಟಿಯಲ್ಲಿ ಇದಕ್ಕೆ ಜಾಗವಿಲ್ಲ. ಸವೆತಕ್ಕೆ ಅಂಕವುಂಟು, ಹೊಳಪಿಗೆ ಅಂಕವುಂಟು. ಹೊಸದುರ್ಗದ ಹತ್ತಿರ ಯಾರದೋ ಹೊಲದಲ್ಲಿ ನೇಗಿಲಿಗೆ ತಾಕಿ ಎದ್ದದ್ದು ಎಂಬುದಕ್ಕೆ ಅಂಕವಿಲ್ಲ. ಇಲ್ಲದಿದ್ದರೆ ಹೋಗಲಿ, ಕದ್ದು ಮಾರುವವನು ಮೊದಲು ಅಳಿಸುವುದೇ ಆ ವಿಳಾಸವನ್ನು. ಯಾವ ಸರ್ವೆ ನಂಬರು ಎಂದು ಬಾಯಿಬಿಟ್ಟರೆ ಸಿಕ್ಕಿಬೀಳುತ್ತಾನೆ. ಹೀಗಾಗಿ ನಾಣ್ಯ ದಲ್ಲಾಳಿಯಿಂದ ದಲ್ಲಾಳಿಗೆ ಹೋದಂತೆ ರೇಟು ಏರುತ್ತದೆ, ಅದರಿಂದ ತಿಳಿಯಬಹುದಾಗಿದ್ದು ಕರಗುತ್ತದೆ. ಕೋಟೆಯ ಸುತ್ತ, ಪಾಳುಬಿದ್ದ ಗುಡಿಗಳ ಒಳಗೆ ನಿಧಿಗಳ್ಳರು ಅಗೆದು ಬಿಟ್ಟುಹೋದ ಗುಂಡಿಗಳಲ್ಲಿ ಕಳೆದುಹೋಗಿರುವುದು ಚಿನ್ನವೇ ಆಗಬೇಕಿಲ್ಲ. ಅವರು ಬೇಡವೆಂದು ಎಸೆದ ಸೀಸದ, ಮಣ್ಣಿನ ಚೂರುಗಳಲ್ಲೇ ಹೆಚ್ಚು ಕಳೆದಿದೆ.

ಹೊಲದಲ್ಲಿ ಪ್ರಾಮಾಣಿಕವಾಗಿ ನಾಣ್ಯ ಸಿಕ್ಕ ರೈತ ಏನು ಮಾಡಬೇಕು? ಜಿಲ್ಲಾಡಳಿತಕ್ಕೆ ತಿಳಿಸಬೇಕು. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆ ಹತ್ತು ರೂಪಾಯಿಗಿಂತ ಹೆಚ್ಚು ಬಾಳುವ ಯಾವ ನಿಧಿ ಸಿಕ್ಕರೂ ತಿಳಿಸಬೇಕೆಂದು ಹೇಳಿತು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆಯೂ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಇವೆಲ್ಲ ರೈತನಿಗೆ ಗೊತ್ತಿಲ್ಲವೆಂದಲ್ಲ, ಅಂದಾಜು ಗೊತ್ತಿದೆ. ತಿಳಿಸಿದರೆ ಹೊಲಕ್ಕೆ ಜೀಪು ಬರುತ್ತದೆ, ಬಿತ್ತನೆ ನಿಲ್ಲುತ್ತದೆ, ಇನ್ನೂ ಎಲ್ಲಿ ಬಚ್ಚಿಟ್ಟಿದ್ದೀಯ ಎಂದು ಕೇಳುತ್ತಾರೆ ಎಂಬ ಭಯ ಅವನದು.

ಅವನಿಗೆ ಸಿಗುವುದೇನು ಎಂಬ ಪ್ರಶ್ನೆಯನ್ನು ಮುಜುಗರವಿಲ್ಲದೆ ಕೇಳಬೇಕು. 1878ರ ಕಾಯ್ದೆಯ ಲೆಕ್ಕ ಹೀಗಿತ್ತು: ನಿಧಿಯನ್ನು ಸರ್ಕಾರ ಇಟ್ಟುಕೊಳ್ಳುವುದಾದರೆ ಅದರಲ್ಲಿರುವ ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಭಾಗ. ಚಿನ್ನಕ್ಕೆ ಇದು ಪರವಾಗಿಲ್ಲ. ಮಹಾರಥಿಯ ಸೀಸದ ಬಿಲ್ಲೆಗೆ? ಗುಜರಿ ಅಂಗಡಿಯ ರೇಟು, ಮೇಲೆ ಇಪ್ಪತ್ತು ಪರ್ಸೆಂಟು. ಇಂಗ್ಲೆಂಡು ತನ್ನ ನೆಲದಲ್ಲಿ ಈ ಲೆಕ್ಕಕ್ಕೆ ಅಂಟಿಕೊಳ್ಳಲಿಲ್ಲ. ಅಲ್ಲಿನ 1996ರ ಕಾಯ್ದೆಯಂತೆ ತಜ್ಞರ ಸಮಿತಿ ಮಾರುಕಟ್ಟೆ ಬೆಲೆ ಕಟ್ಟುತ್ತದೆ. ಮ್ಯೂಸಿಯಂ ಆ ಹಣ ಕೊಟ್ಟು ಕೊಳ್ಳುತ್ತದೆ. ಸಿಕ್ಕವನೂ ಹೊಲದ ಒಡೆಯನೂ ಹಂಚಿಕೊಳ್ಳುತ್ತಾರೆ. ನಿಧಿಯ ವ್ಯಾಖ್ಯೆಗೆ ಬಾರದ ಸಣ್ಣಪುಟ್ಟ ವಸ್ತುವನ್ನೂ ತಂದು ತೋರಿಸಿ, ಎಲ್ಲಿ ಸಿಕ್ಕಿತೆಂದು ಬರೆಸಿ, ವಾಪಸು ಒಯ್ಯುವ ವ್ಯವಸ್ಥೆಯೊಂದು ಅಲ್ಲಿ 1997ರಿಂದ ನಡೆಯುತ್ತಿದೆ. ಚಿತ್ರದುರ್ಗದಲ್ಲಿ ಸರ್ಕಾರಿ ಪುರಾತತ್ವ ವಸ್ತುಸಂಗ್ರಹಾಲಯವಿದೆ. ಅಲ್ಲೊಂದು ಮೇಜು, ಒಂದು ದಾಖಲೆ ಪುಸ್ತಕ, ತಿಂಗಳಿಗೊಂದು ದಿನ ‘ಸಿಕ್ಕಿದ್ದನ್ನು ತನ್ನಿ, ನೋಡಿ ಬರೆದುಕೊಳ್ಳುತ್ತೇವೆ, ಕೇಸು ಹಾಕುವುದಿಲ್ಲ’ ಎಂಬ ಬೋರ್ಡು, ಇಷ್ಟಕ್ಕೆ ಕಾನೂನಿನ ತಿದ್ದುಪಡಿಯೂ ಜಿಲ್ಲಾಧಿಕಾರಿಯ ಒಪ್ಪಿಗೆಯೂ ಬೇಕಾಗಬಹುದು. ಕಟ್ಟಡವಂತೂ ಹೊಸದಾಗಿ ಕಟ್ಟಬೇಕಿಲ್ಲ.